ಬೆಟ್ಟದ ತೋಟದ ಮಾರಾಟ: ಕ್ರಯಪತ್ರದಲ್ಲಿ ಬರೆಯದೆ ಉಳಿಯುವುದು

ಶತಮಾನದಷ್ಟು ಹಳೆಯ ಬಂಗಲೆ, ಸುತ್ತಲೂ ಫಸಲು ಕೊಡುವ ಕಾಫಿ ತೋಟ, ತೋಟದೊಳಗೇ ಹರಿಯುವ ಹಳ್ಳ, ಎದುರಿಗೆ ಬೆಟ್ಟದ ಸಾಲು, ದಾಖಲೆಗಳೆಲ್ಲ ಸರಿಯಾಗಿವೆ. ಮಲೆನಾಡಿನ ತೋಟಗಳ ಮಾರಾಟದ ಜಾಹೀರಾತುಗಳು ಹೆಚ್ಚುಕಡಿಮೆ ಇದೇ ಧಾಟಿಯಲ್ಲಿರುತ್ತವೆ. ಎಕರೆ ಎಷ್ಟು, ಅರೇಬಿಕಾ ಎಷ್ಟು, ರೋಬಸ್ಟಾ ಎಷ್ಟು, ಕಾಳುಮೆಣಸಿನ ಬಳ್ಳಿ ಎಷ್ಟು, ಬೆಂಗಳೂರಿನಿಂದ ಎಷ್ಟು ಗಂಟೆಯ ದಾರಿ ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. ಆ ತೋಟದ ಲೈನುಗಳಲ್ಲಿ ಎಷ್ಟು ಸಂಸಾರಗಳಿವೆ, ಹಳ್ಳದ ನೀರು ಕೆಳಗೆ ಯಾವ ಊರನ್ನು ಸೇರುತ್ತದೆ, ತೋಟದ ನಡುವಿನ ಕಾಲುದಾರಿಯಲ್ಲಿ ಯಾರು ಓಡಾಡುತ್ತಾರೆ ಎಂಬುದು ಸಿಗುವುದಿಲ್ಲ. ಜಾಹೀರಾತಿನಲ್ಲಿ ಇಲ್ಲದಿದ್ದರೆ ಹೋಗಲಿ, ಮುಂದೆ ಬರೆಯಲಾಗುವ ಕ್ರಯಪತ್ರದಲ್ಲಿಯೂ ಅದು ಇರುವುದಿಲ್ಲ. ಚಿಂತಿಸಬೇಕಾದ ಸಂಗತಿ ಇದು.

ಭೂಮಿ ಕೈಬದಲಾಗುವಾಗ ಏನೇನನ್ನು ಬರೆದಿಡಬೇಕು ಎಂಬ ಪ್ರಶ್ನೆ ಈ ಸೀಮೆಗೆ ಹೊಸದಲ್ಲ. ತರೀಕೆರೆಯಿಂದ ಸುಮಾರು 10 ಕಿ.ಮೀ. ದೂರದ ಅಮೃತಾಪುರದಲ್ಲಿ ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ದೇವಾಲಯವಿದೆ. ರಾಮಾಯಣ, ಭಾಗವತ, ಮಹಾಭಾರತಗಳ ಕಥೆಯನ್ನು ಹೇಳುವ ಅಲ್ಲಿಯ ಶಿಲ್ಪಪಟ್ಟಿಕೆಗಳನ್ನು ನೋಡಲು ಹೋದವರು, ಮುಖಮಂಟಪದ ಬಳಿ ನಿಂತಿರುವ ನುಣುಪಾದ ದೊಡ್ಡ ಶಾಸನದ ಕಲ್ಲನ್ನೂ ಕಂಡಿರುತ್ತಾರೆ. ಅದರ ಪದ್ಯಗಳನ್ನು ರಚಿಸಿದವನು ಕವಿಚಕ್ರವರ್ತಿ ಜನ್ನ. ಮುಂದೆ 1209ರಲ್ಲಿ 'ಯಶೋಧರ ಚರಿತೆ'ಯನ್ನು ಬರೆದ ಕವಿಯೇ ಈತ. ಒಂದು ನಿರ್ಮಾಣದ, ಅದರ ಸುತ್ತಲಿನ ವ್ಯವಸ್ಥೆಯ ದಾಖಲೆಯನ್ನು ಬರೆಯಲು ಅಂದಿನವರು ಆ ಕಾಲದ ಶ್ರೇಷ್ಠ ಕವಿಯನ್ನು ಹುಡುಕಿದ್ದರು!

ಆ ಕಾಲದ ದಾನಶಾಸನಗಳಿಗೆ ಒಂದು ಕ್ರಮವಿತ್ತು. ಕೊಟ್ಟವರು ಯಾರು, ಪಡೆದವರು ಯಾರು, ನಾಲ್ಕು ದಿಕ್ಕಿನ ಎಲ್ಲೆ ಯಾವುದು ಎಂದು ಬರೆದ ಮೇಲೆ, ಆ ಭೂಮಿಯ ಉತ್ಪತ್ತಿಯಿಂದ ನಡೆಯಬೇಕಾದ ಕೆಲಸವೇನು ಎಂಬುದನ್ನೂ ನಮೂದಿಸುತ್ತಿದ್ದರು. ದೀಪ ಉರಿಯಬೇಕು, ಕೆರೆಯ ದುರಸ್ತಿ ಆಗಬೇಕು, ಅನ್ನ ದಾನವಾಗಬೇಕು, ಜೀರ್ಣೋದ್ಧಾರ ನಡೆಯಬೇಕು. ಕೊನೆಗೆ, ಇದನ್ನು ಕೆಡಿಸಿದವನಿಗೆ ಶಾಪ. ಶಾಪದಲ್ಲಿ ನಂಬಿಕೆ ಇರಲಿ ಬಿಡಲಿ, ಅದರ ಹಿಂದಿನ ತಿಳಿವಳಿಕೆ ಸ್ಪಷ್ಟವಾಗಿದೆ: ಭೂಮಿಯನ್ನು ಪಡೆಯುವವನು ಅದರ ಭೋಗವನ್ನೂ ಪಡೆಯುತ್ತಾನೆ, ಹೊಣೆಯನ್ನೂ ಹೊರುತ್ತಾನೆ.

ಹಳೆಯ ಶಾಸನಗಳ ಭಾಷೆಯ ಒಂದು ತುಣುಕು ಇಂದಿಗೂ ನಮ್ಮ ಉಪನೋಂದಣಿ ಕಚೇರಿಗಳಲ್ಲಿ ಬದುಕಿದೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳ ಸಹಿತ ಸ್ವತ್ತನ್ನು ವರ್ಗಾಯಿಸಲಾಗಿದೆ ಎಂದು ಎಷ್ಟೋ ಕನ್ನಡ ಕ್ರಯಪತ್ರಗಳು ಈಗಲೂ ಹೇಳುತ್ತವೆ. ಪತ್ರ ಬರೆಯುವವರಿಗೂ ಬರೆಸುವವರಿಗೂ ಅರ್ಥ ಗೊತ್ತಿದೆಯೋ ಇಲ್ಲವೋ, ಎಂಟೂ ಹಕ್ಕುಗಳು ತಪ್ಪದೆ ದಾಖಲಾಗುತ್ತವೆ. ಆದರೆ ಅದೇ ಶಾಸನಗಳಲ್ಲಿದ್ದ ಹೊಣೆಯ ಭಾಗ ದಾರಿಯಲ್ಲಿ ಎಲ್ಲಿಯೋ ಉದುರಿಹೋಗಿದೆ. ಬಯಲುಸೀಮೆಯ ಒಂದೆರಡು ಎಕರೆ ಹೊಲದ ಮಾರಾಟದಲ್ಲಿ ಇದರಿಂದ ದೊಡ್ಡ ಬಾಧೆ ಇಲ್ಲದಿರಬಹುದು. ಬೆಟ್ಟದ ಮೇಲಿನ ಹಳೆಯ ತೋಟಗಳ ವಿಷಯ ಹಾಗಲ್ಲ.

ತೋಟವೆಂಬ ಒಂದು ಊರು

ಅಮೃತಾಪುರ ಇರುವುದು ಅಡಕೆ, ತೆಂಗಿನ ತೋಟಗಳ ಬಯಲಿನಲ್ಲಿ. ಅಲ್ಲಿಂದ ದಕ್ಷಿಣಕ್ಕೆ ಹೊರಟು ಲಿಂಗದಹಳ್ಳಿಯನ್ನು ದಾಟಿದರೆ ಕಲ್ಲತ್ತಿಗಿರಿ, ಕೆಮ್ಮಣ್ಣುಗುಂಡಿ. ಅಲ್ಲಿಂದಾಚೆಗೆ ಬಾಬಾಬುಡನ್ ಶ್ರೇಣಿ. ಯೆಮೆನ್ ದೇಶದಿಂದ ಬಾಬಾ ಬುಡನ್ ತಂದರೆನ್ನಲಾದ ಏಳು ಕಾಫಿ ಬೀಜಗಳ ಕಥೆ ಈ ಬೆಟ್ಟಗಳದ್ದು. ಮೈಸೂರು ಸೀಮೆಯಲ್ಲಿ ಕಾಫಿ ತೋಟ ತೆರೆದ ಮೊದಲ ಯುರೋಪಿಯನ್ ಎನಿಸಿಕೊಂಡ ಥಾಮಸ್ ಕ್ಯಾನನ್, 1830ರ ಸುಮಾರಿಗೆ ಈ ಗಿರಿಯ ದಕ್ಷಿಣದ ಎತ್ತರದಲ್ಲಿ ಗಿಡ ನೆಟ್ಟ. 1856ರಲ್ಲಿ ಮೈಸೂರಿಗೆ ಬಂದ ರಾಬರ್ಟ್ ಎಲಿಯಟ್ ಮಂಜರಾಬಾದಿನಲ್ಲಿ, ಅಂದರೆ ಇಂದಿನ ಸಕಲೇಶಪುರದ ಸೀಮೆಯಲ್ಲಿ, ತೋಟ ಮಾಡಿದ. ಚಿನ್ನ, ಬೇಟೆ, ಕಾಫಿ ಕೃಷಿಗಳ ಕುರಿತು 1894ರಲ್ಲಿ ಅವನು ಪ್ರಕಟಿಸಿದ ಪುಸ್ತಕ ಮೈಸೂರು ತೋಟಗಳ ಆರಂಭಕಾಲದ ಮುಖ್ಯ ದಾಖಲೆಗಳಲ್ಲಿ ಒಂದು. ಮರದ ನೆರಳಿಲ್ಲದೆ ಈ ನೆಲದಲ್ಲಿ ಕಾಫಿ ಉಳಿಯದು ಎಂಬುದು ಅವನು ಒತ್ತಿ ಹೇಳಿದ ಪಾಠ. ಕಾಂಡಕೊರಕ ಹುಳು ತೋಟಗಳನ್ನು ಹಾಳುಮಾಡಿದ ಅನುಭವ ಆ ಪಾಠದ ಹಿಂದಿತ್ತು.

ಹೀಗೆ ಹುಟ್ಟಿದ ತೋಟ ಬರಿಯ ಜಮೀನಾಗಿರಲಿಲ್ಲ. ಎತ್ತರದಲ್ಲಿ ದೊರೆಯ ಬಂಗಲೆ, ಕೆಳಗೆ ರೈಟರ ಮನೆ, ಪಲ್ಪರ್ ಇರುವ ಕಟ್ಟಡ, ಕಾಫಿ ಒಣಗಿಸುವ ಕಣ, ಗೋದಾಮು, ಇವೆಲ್ಲಕ್ಕೂ ಆಚೆ ಕೂಲಿಯವರ ಲೈನುಗಳು. ದಕ್ಷಿಣ ಕನ್ನಡದಿಂದ, ತಮಿಳು ನಾಡಿನಿಂದ ಘಟ್ಟ ಹತ್ತಿ ಬಂದವರು ಈ ಲೈನುಗಳಲ್ಲಿ ನೆಲೆಸಿದರು. ಈಚಿನ ವರ್ಷಗಳಲ್ಲಿ ಅಸ್ಸಾಂ, ಜಾರ್ಖಂಡ್‌ಗಳಿಂದಲೂ ಜನ ಬರುತ್ತಿದ್ದಾರೆ. ಲೈನಿನ ಬಳಿಯಲ್ಲೊಂದು ಗುಡಿ, ತೋಟದ ಅಂಚಿನಲ್ಲೊಂದು ಬನ, ಒಂದು ಸ್ಮಶಾನ. ಕಂದಾಯ ನಕ್ಷೆಯಲ್ಲಿ ಇದು ಕೆಲವು ಸರ್ವೆ ನಂಬರುಗಳ ಮೊತ್ತ. ಬದುಕಿನಲ್ಲಿ ಒಂದು ಊರು.

ಹೊಸ ಅರಿವು ಹುಟ್ಟಿದ್ದೂ ಇಂಥ ತೋಟಗಳಲ್ಲಿಯೇ. ಎಲೆರೋಗವನ್ನು ತಾಳಿಕೊಂಡ ಗಿಡವೊಂದನ್ನು 1911ರಲ್ಲಿ ಮೈಸೂರು ಸಂಸ್ಥಾನದ ತೋಟದಲ್ಲಿ ಗುರುತಿಸಿದ ಪ್ಲಾಂಟರ್ ಕೆಂಟ್‌ನ ಹೆಸರಿನ ತಳಿ ಪೂರ್ವ ಆಫ್ರಿಕದವರೆಗೂ ಹಬ್ಬಿತು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಆರಂಭವಾಯಿತು. ಎಷ್ಟೋ ಹಳೆಯ ತೋಟಗಳಲ್ಲಿ ದಿನದಿನದ ಮಳೆಯನ್ನು ಅಳೆದು ಬರೆದಿಟ್ಟ ಪುಸ್ತಕಗಳು ತಲೆಮಾರುಗಳಿಂದ ಉಳಿದುಬಂದಿವೆ. ಹೂಮಳೆ ಯಾವ ದಿನ ಬಿತ್ತು, ಯಾವ ವರ್ಷ ಮುಂಗಾರು ತಡವಾಯಿತು ಎಂಬ ಲೆಕ್ಕ ಅವುಗಳಲ್ಲಿದೆ. ಹವಾಮಾನ ಬದಲಾಗುತ್ತಿರುವ ಈ ಕಾಲದಲ್ಲಿ ಅಂಥ ಪುಸ್ತಕಕ್ಕೆ ಬಂಗಲೆಯ ತೇಗದ ಕಂಬಕ್ಕಿಂತ ಹೆಚ್ಚು ಬೆಲೆ.

ಮಾರುವವರ ಮೇಲೆ ತಪ್ಪು ಹೊರಿಸಬಾರದು

ತೋಟ ಮಾರುವವರನ್ನು ದೂರುವುದು ಸುಲಭ, ಆದರೆ ಅದು ನ್ಯಾಯವಲ್ಲ. ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ 1989ರಲ್ಲಿ ಕುಸಿಯಿತು. ಬೆಳೆಗಾರರ ಕಾಫಿಯನ್ನೆಲ್ಲ ಕಾಫಿ ಮಂಡಳಿಯೇ ಕೊಂಡು ಮಾರುತ್ತಿದ್ದ ಪೂಲ್ ಪದ್ಧತಿ 1996ರ ಹೊತ್ತಿಗೆ ಪೂರ್ಣವಾಗಿ ಕೊನೆಗೊಂಡಿತು. ಅಂದಿನಿಂದ ಬೆಳೆಗಾರ ಜಗತ್ತಿನ ಮಾರುಕಟ್ಟೆಗೆ ನೇರವಾಗಿ ಮುಖ ಕೊಟ್ಟಿದ್ದಾನೆ. 2000ದ ದಶಕದ ಆರಂಭದಲ್ಲಿ ಬೆಲೆ ಪಾತಾಳ ಕಂಡಾಗ ಸಾಲದಲ್ಲಿ ಮುಳುಗಿದವರು ಹಲವರು. 2018 ಮತ್ತು 2019ರ ಅತಿವೃಷ್ಟಿಯಲ್ಲಿ ಗುಡ್ಡಗಳೇ ಜರಿದವು. ಅರೇಬಿಕಾಗೆ ಬಿಳಿ ಕಾಂಡಕೊರಕದ ಕಾಟ, ಹಲವೆಡೆ ಆನೆಯ ಕಾಟ, ಎಲ್ಲೆಡೆ ಕೂಲಿಯಾಳುಗಳ ಅಭಾವ. ಬೆಂಗಳೂರಿನಲ್ಲಿಯೋ ಅಮೆರಿಕದಲ್ಲಿಯೋ ನೆಲೆಸಿದ ಮಕ್ಕಳು ತೋಟಕ್ಕೆ ಮರಳುವುದಿಲ್ಲ. ನೂರು ವರ್ಷದ ಬಂಗಲೆಯ ಮಾಡಿನ ಹೆಂಚು ಬದಲಿಸಲು ಮಳೆಗಾಲ ಮಳೆಗಾಲಕ್ಕೂ ಹಣ ಬೇಕು. 2024ರಲ್ಲಿ ಕಾಫಿಯ ಬೆಲೆ ಏರಿದಾಗ, ಮಾರುವುದಾದರೆ ಇದೇ ಸಮಯ ಎಂದು ವಯಸ್ಸಾದ ಯಜಮಾನರೊಬ್ಬರು ಯೋಚಿಸಿದ್ದರೆ ಅದರಲ್ಲಿ ಅಚ್ಚರಿ ಏನಿದೆ?

ಕೊಳ್ಳುವವರಿಗೂ ದಾರಿ ಸುಗಮವಾಗಿದೆ. ಕರ್ನಾಟಕ ಭೂಸುಧಾರಣಾ ಕಾಯ್ದೆಯ 104ನೇ ಕಲಮು ಕಾಫಿ, ಏಲಕ್ಕಿ, ಮೆಣಸು, ರಬ್ಬರ್, ಟೀ ತೋಟಗಳನ್ನು ಭೂಮಿತಿಯಿಂದ ಹೊರಗಿಟ್ಟಿತು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದಕ್ಕೆ ಇದ್ದ ನಿರ್ಬಂಧವೂ ಈ ತೋಟಗಳಿಗೆ ತಟ್ಟುತ್ತಿರಲಿಲ್ಲ. ಉಳಿದ ಕೃಷಿಭೂಮಿಗೆ ಸಂಬಂಧಿಸಿದ 79ಎ, 79ಬಿ ಕಲಮುಗಳನ್ನು 2020ರ ತಿದ್ದುಪಡಿಯಲ್ಲಿ ತೆಗೆದುಹಾಕುವ ಎಷ್ಟೋ ಮೊದಲೇ ನಗರದ ಹಣಕ್ಕೆ ಬೆಟ್ಟದ ಬಾಗಿಲು ತೆರೆದಿತ್ತು. ಆದ್ದರಿಂದ 'ಹೊರಗಿನವರು ಬಂದರು' ಎಂದು ಈಗ ಹೌಹಾರುವುದರಲ್ಲಿ ಅರ್ಥವಿಲ್ಲ. ಈ ಬೆಟ್ಟಗಳ ಕಾಫಿ ಚರಿತ್ರೆಯೇ ಹೊರಗಿನಿಂದ ಬಂದವರ ಚರಿತ್ರೆ. ಬಂದವರು ಏನನ್ನು ಕೊಂಡೆವೆಂದು ತಿಳಿದುಕೊಂಡಿದ್ದಾರೆ ಎಂಬುದೇ ಮುಖ್ಯ.

ಬರೆಯದೆ ಉಳಿದ ಬಾಬುಗಳು

ಮೊದಲನೆಯದು ಲೈನಿನ ಜನ. 1951ರ ತೋಟ ಕಾರ್ಮಿಕರ ಕಾಯ್ದೆ ದೊಡ್ಡ ತೋಟಗಳ ಕಾರ್ಮಿಕರಿಗೆ ವಸತಿ, ನೀರು, ವೈದ್ಯಕೀಯ ನೆರವು ಒದಗಿಸುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತು. ಮುಂದೆ 2020ರ ಕಾರ್ಮಿಕ ಸಂಹಿತೆಯಲ್ಲಿ ಅದು ಅಡಕವಾಯಿತು. ಆದರೆ ಮನೆ ಮಾಲೀಕನದ್ದು, ಕೆಲಸವಿದ್ದಷ್ಟು ದಿನ ಮಾತ್ರ ವಾಸ. ಎರಡು ಮೂರು ತಲೆಮಾರು ಅಲ್ಲಿಯೇ ಹುಟ್ಟಿ ಬೆಳೆದವರಿಗೂ ಕಾಲ ಕೆಳಗಿನ ಒಂದು ಅಡಿ ನೆಲ ತಮ್ಮದಲ್ಲ. ಕೊಂಡವರು ಕಾಫಿ ಬಿಟ್ಟು ರೆಸಾರ್ಟ್ ಮಾಡುತ್ತೇವೆ ಎಂದರೆ ಅವರ ಪಡಿತರ ಚೀಟಿಯ ವಿಳಾಸವೇ ಇಲ್ಲವಾಗುತ್ತದೆ.

ಇದೇ ತಾಲ್ಲೂಕಿನ ಇನ್ನೊಂದು ಅನುಭವವನ್ನು ಇಲ್ಲಿ ನೆನೆಯಬೇಕು. ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳ 400ಕ್ಕೂ ಹೆಚ್ಚು ಕುಟುಂಬಗಳನ್ನು 2001–02ರ ಸುಮಾರಿಗೆ ಹೊರಕ್ಕೆ ಸ್ಥಳಾಂತರಿಸಲಾಯಿತು. ಅವರಲ್ಲಿ ಹೆಚ್ಚಿನವರು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ನೆಲೆಗೊಂಡರು. ಹುಲಿಗಾಗಿ ಜನರನ್ನು ಎಬ್ಬಿಸುವಾಗ ಸರ್ಕಾರ ಕುಟುಂಬಗಳ ಪಟ್ಟಿ ಮಾಡಿತು, ಜಮೀನು ಕೊಟ್ಟಿತು, ಮನೆಗೆ ಜಾಗ ಕೊಟ್ಟಿತು. ಖಾಸಗಿ ಮಾರಾಟದಿಂದ ಲೈನು ಖಾಲಿಯಾಗುವಾಗ ಅಂಥ ಪಟ್ಟಿಯನ್ನು ಮಾಡುವವರು ಯಾರು?

ಎರಡನೆಯದು ನೀರು. ಬಾಬಾಬುಡನ್ ಶ್ರೇಣಿಯ ಪೂರ್ವದ ಮಡಿಲಿನಿಂದ ಇಳಿಯುವ ತೊರೆಗಳು ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯನ್ನು ತುಂಬುತ್ತವೆ. ವೇದಾ ಮತ್ತು ಆವತಿ ಕೂಡಿ ವೇದಾವತಿಯಾಗಿ ಹರಿದು ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರವನ್ನು ಸೇರುತ್ತವೆ. ಪಶ್ಚಿಮದ ಹಳ್ಳಗಳು ಭದ್ರೆಯ ಪಾಲು. ಗಿರಿಯ ಮೇಲೆ ಒಂದು ಹಳ್ಳಕ್ಕೆ ಅಡ್ಡ ಕಟ್ಟಿ ಈಜುಕೊಳ ತುಂಬಿಸಿದರೆ, ಅದರ ಲೆಕ್ಕ ಕಡೂರು ಸೀಮೆಯ ಕೆರೆಯಲ್ಲಿ ಸಿಗುತ್ತದೆ. ಕ್ರಯಪತ್ರದ ಅಷ್ಟಭೋಗದಲ್ಲಿ 'ಜಲ' ಇದೆಯಲ್ಲ ಎಂದು ಹೊಸ ಯಜಮಾನ ಹೇಳಬಹುದು. ಹರಿಯುವ ನೀರನ್ನು ಬಳಸುವ ಹಕ್ಕು ಬೇರೆ, ತಡೆದು ನಿಲ್ಲಿಸುವ ಹಕ್ಕು ಬೇರೆ.

ಮೂರನೆಯದು ಮರ. ಅತ್ತಿ, ಬಸರಿ, ಹಲಸು, ಹೊನ್ನೆ, ನಂದಿ, ಮತ್ತಿ, ಬೀಟೆಗಳ ನೆರಳಿನಲ್ಲಿ ಬೆಳೆಯುವುದರಿಂದಲೇ ನಮ್ಮ ಕಾಫಿಗೆ ಹೆಸರು. 2019ರಲ್ಲಿ ಬಾಬಾಬುಡನ್‌ಗಿರಿ ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. 1976ರ ಮರಗಳ ಸಂರಕ್ಷಣಾ ಕಾಯ್ದೆಯಂತೆ ಮರ ಕಡಿಯಲು ಅನುಮತಿ ಬೇಕಾದರೂ ಸಿಲ್ವರ್ ಓಕ್‌ಗೆ ವಿನಾಯಿತಿ ಇದೆ. ಹಾಗಾಗಿ ಕಾಡುಮರ ಹೋದ ಕಡೆಯಲ್ಲೆಲ್ಲ ಸಿಲ್ವರ್ ಓಕ್ ಎದ್ದು ನಿಲ್ಲುತ್ತದೆ. ಅದರಿಂದ ಲಾಭವೇನೋ ಉಂಟು, ಆದರೆ ಅತ್ತಿಮರಕ್ಕೆ ಬರುವ ಹಕ್ಕಿ ಅದಕ್ಕೆ ಬರುವುದಿಲ್ಲ.

ನಾಲ್ಕನೆಯದು ಮನೆ. ಅಮೃತಾಪುರದ ದೇವಾಲಯಕ್ಕೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆ ಇದೆ. 2010ರ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ ವಲಯ, ಅದರಾಚೆ 200 ಮೀಟರು ನಿಯಂತ್ರಿತ ವಲಯ. ಬೆಟ್ಟದ ಮೇಲಿನ 150 ವರ್ಷದ ಖಾಸಗಿ ಬಂಗಲೆಗೂ, ಮಲೆನಾಡಿನ ತೊಟ್ಟಿಮನೆಗೂ ಅಂಥ ಯಾವ ಆಸರೆಯೂ ಸಾಮಾನ್ಯವಾಗಿ ಇರುವುದಿಲ್ಲ. ಕಂಬ, ಬಾಗಿಲು, ಜಂತಿಗಳನ್ನು ಕಳಚಿ ಮಾರಿದರೆ ಕೇಳುವವರಿಲ್ಲ. ವಿಜಯನಾಥ ಶೆಣೈ ಅವರು ಮಣಿಪಾಲದಲ್ಲಿ ಹಸ್ತಶಿಲ್ಪ ಪರಂಪರೆಯ ಗ್ರಾಮವನ್ನು ಕಟ್ಟದೆ ಹೋಗಿದ್ದರೆ ಎಷ್ಟು ಮನೆಗಳು ಸೌದೆಯಾಗಿ ಹೋಗುತ್ತಿದ್ದವೋ! ಆದರೂ ಕಿತ್ತು ತಂದು ನಿಲ್ಲಿಸಿದ ಮನೆಗೆ ಅದರ ಅಂಗಳದ ಮಳೆ ಜೊತೆಗೆ ಬರುವುದಿಲ್ಲ. ಕುವೆಂಪು ಬೆಳೆದ ಕುಪ್ಪಳಿಯ ಮನೆ ತನ್ನ ಕಾಡಿನ ಮಡಿಲಲ್ಲಿಯೇ ಉಳಿದದ್ದು ಕವಿಯ ಕೀರ್ತಿಯಿಂದ, ಒಂದು ಪ್ರತಿಷ್ಠಾನದ ಶ್ರಮದಿಂದ. ಪ್ರತಿ ಮನೆಯಲ್ಲಿಯೂ ರಾಷ್ಟ್ರಕವಿ ಬೆಳೆದಿರಬೇಕು ಎಂದರೆ ಹೇಗೆ?

ಹೊಣೆಯನ್ನೂ ಬರೆಯೋಣ

ಇದಕ್ಕೆ ಹೊಸ ಕಾಯ್ದೆಯೇ ಬೇಕೆಂದಿಲ್ಲ. ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ, ಹಕ್ಕಿನಿಂದ ಬಳಸಿದ ದಾರಿ ಮತ್ತು ನೀರಿಗೆ 1882ರ ಅನುಭೋಗದ ಹಕ್ಕಿನ ಕಾಯ್ದೆ ಮಾನ್ಯತೆ ಕೊಡುತ್ತದೆ. ಮಾಲೀಕರು ಬದಲಾದ ಮಾತ್ರಕ್ಕೆ ಆ ಹಕ್ಕು ಅಳಿಯುವುದಿಲ್ಲ. ಅದೇ ವರ್ಷದ ಸ್ವತ್ತು ವರ್ಗಾವಣೆ ಕಾಯ್ದೆಯ 40ನೇ ಕಲಮಿನಂತೆ, ನೆರೆಯ ಸ್ವತ್ತಿನ ಹಿತಕ್ಕಾಗಿ ಭೂಮಿಯ ಬಳಕೆಗೆ ಹಾಕಿಕೊಂಡ ನಿರ್ಬಂಧ, ಅದನ್ನು ತಿಳಿದೂ ಕೊಳ್ಳುವ ಮುಂದಿನವನನ್ನು ಕಟ್ಟಿಹಾಕಬಲ್ಲದು. ಇಂಗ್ಲೆಂಡಿನಲ್ಲಿ 1895ರಲ್ಲಿ ಹುಟ್ಟಿದ ನ್ಯಾಷನಲ್ ಟ್ರಸ್ಟ್, ಹಳ್ಳಿಗಾಡಿನ ದೊಡ್ಡ ಮನೆಗಳು ಒಂದೊಂದಾಗಿ ಉರುಳುತ್ತಿದ್ದಾಗ 1937ರ ಕಾಯ್ದೆಯ ಬಲದಿಂದ ಒಂದು ಉಪಾಯ ಕಂಡುಕೊಂಡಿತು. ಮನೆಯನ್ನು ಟ್ರಸ್ಟಿಗೆ ಒಪ್ಪಿಸಿದ ಕುಟುಂಬ ಅಲ್ಲಿಯೇ ವಾಸವಾಗಿರಬಹುದು. ಸಾರ್ವಜನಿಕರಿಗೂ ನೋಡಲು ಅವಕಾಶವಿರಬೇಕು. ನಮ್ಮಲ್ಲಿಯೂ ಹೋಂಸ್ಟೇ ನಡೆಸಿ, ಬಂದ ಹಣದಿಂದ ಮನೆಯ ಮಾಡನ್ನು ಉಳಿಸಿಕೊಂಡ ಕುಟುಂಬಗಳಿವೆ. ಉಳಿಸುವ ದಾರಿಗಳು ಹಲವು.

ಆಗಬೇಕಾದದ್ದು ಇಷ್ಟು. ಇಂಥ ತೋಟ ಮಾರಾಟವಾಗುವಾಗ ಚೆಕ್ಕುಬಂದಿಯ ಜೊತೆಗೆ ಇನ್ನೊಂದು ಷೆಡ್ಯೂಲು ಸೇರಲಿ. ಲೈನಿನಲ್ಲಿ ಇರುವ ಕುಟುಂಬಗಳು, ಅವರಿಗೆ ಸಲ್ಲಬೇಕಾದ ಬಾಕಿ, ಅವರ ಮನೆಯ ಮುಂದಿನ ವ್ಯವಸ್ಥೆ. ಹಳ್ಳ, ಒರತೆ, ಅವುಗಳನ್ನು ನೆಚ್ಚಿದ ಊರುಗಳು. ರೂಢಿಯ ದಾರಿ, ಬನ, ಸ್ಮಶಾನ. ಉಳಿಸಬೇಕಾದ ಮರ ಮತ್ತು ಕಟ್ಟಡ. ಹಿಡುವಳಿ ಎಷ್ಟು, ಒತ್ತುವರಿ ಎಷ್ಟು ಎಂಬುದೂ ಮುಚ್ಚುಮರೆಯಿಲ್ಲದೆ ದಾಖಲಾಗಲಿ. ತೋಟದ ಬೆಳೆಗಳಿರುವ ಒತ್ತುವರಿ ಕಂದಾಯ ಭೂಮಿಯನ್ನು 25 ಎಕರೆ ಮಿತಿಯಲ್ಲಿ 30 ವರ್ಷ ಗುತ್ತಿಗೆಗೆ ಕೊಡಲು ಸರ್ಕಾರ ಈಚೆಗೆ ಕಾನೂನು ಮಾಡಿರುವುದರಿಂದ, ಗುತ್ತಿಗೆಯ ನೆಲವನ್ನು ಸ್ವಂತದ್ದೆಂದು ಮಾರುವ ಅಪಾಯ ಹೆಚ್ಚಿದೆ. ಮಳೆಯ ಪುಸ್ತಕ, ತೋಟದ ದಿನಚರಿ, ಹಳೆಯ ನಕ್ಷೆಗಳನ್ನು ರದ್ದಿಗೆ ಹಾಕುವ ಮುನ್ನ ಬಾಳೆಹೊನ್ನೂರಿನ ಸಂಶೋಧನಾ ಸಂಸ್ಥೆಗೋ ರಾಜ್ಯ ಪತ್ರಾಗಾರಕ್ಕೋ ಒಂದು ಪ್ರತಿ ಸೇರಲಿ. ಗ್ರಾಮ ಪಂಚಾಯಿತಿಗೂ ಈ ಷೆಡ್ಯೂಲಿನ ಪ್ರತಿ ಸಿಗಲಿ.

ಇದರಿಂದ ತೋಟದ ಬೆಲೆ ಇಳಿಯುತ್ತದೆ ಎಂದು ದಲ್ಲಾಳಿಗಳು ಹೇಳಬಹುದು. ಸ್ವಲ್ಪ ಇಳಿದೀತು. ಆದರೆ ಯಾವ ತಕರಾರು ಎಲ್ಲಿದೆ ಎಂದು ಮೊದಲೇ ತಿಳಿದು ಕೊಳ್ಳುವವರು, ಕೊಂಡ ಮೇಲೆ ನ್ಯಾಯಾಲಯದ ಮೆಟ್ಟಿಲು ಹತ್ತುವುದು ತಪ್ಪುತ್ತದೆ. ದೇಶದ ಕಾಫಿ ಬೆಳೆಗಾರರಲ್ಲಿ ಶೇಕಡ 98ಕ್ಕೂ ಹೆಚ್ಚು ಮಂದಿ ಸಣ್ಣ ಹಿಡುವಳಿದಾರರು. ಹಳೆಯ ದೊಡ್ಡ ತೋಟಗಳ ಸಂಖ್ಯೆ ಕಡಿಮೆ. ಹೀಗಿರುವಾಗ ಇದು ಕೈಮೀರಿದ ಕೆಲಸವೇನೂ ಅಲ್ಲ.

ಅಮೃತೇಶ್ವರ ದಂಡನಾಯಕನ ವಂಶದವರು ಈಗ ಎಲ್ಲಿದ್ದಾರೋ ಯಾರೂ ಕೇಳುವುದಿಲ್ಲ. ಅವನು ಕಟ್ಟಿಸಿದ್ದು ಯಾತಕ್ಕೆ ಎಂಬುದನ್ನು ಮಾತ್ರ ಎಂಟು ಶತಮಾನಗಳ ಮೇಲೂ ಕಲ್ಲು ಹೇಳುತ್ತಿದೆ. ಬೆಟ್ಟದ ಮೇಲಿನ ತೋಟಗಳ ಯಜಮಾನರೂ ಬದಲಾಗುತ್ತಲೇ ಇರುತ್ತಾರೆ. ಸಾಹೇಬರು ಹೋದರು, ಅವರಿಂದ ಕೊಂಡವರ ಮೊಮ್ಮಕ್ಕಳು ಈಗ ಹೊರಟಿದ್ದಾರೆ, ನಾಳೆ ಕೊಳ್ಳುವವರ ಮಕ್ಕಳೂ ಒಂದು ದಿನ ಮಾರಿಯಾರು. ಲೈನಿನ ಜನವೂ ಕೆಳಗಿನ ಕೆರೆಯೂ ಪ್ರತಿ ಸಲವೂ ಹೊಸ ಯಜಮಾನನ ದಯೆಗೆ ಕಾಯುವಂತಾಗಬಾರದು. ಎಂಟು ಭೋಗಗಳನ್ನು ಮರೆಯದೆ ಬರೆಯುವ ನಮ್ಮ ಪತ್ರಬರಹಗಾರರು ಅವುಗಳ ಕೆಳಗೆ ನಾಲ್ಕು ಸಾಲು ಹೊಣೆಯನ್ನೂ ಬರೆಯಲಿ.